ಅರ್ಧ ಊರಿಗೆ ಮೊದಲು ಲಸಿಕೆ, ಇನ್ನರ್ಧಕ್ಕೆ ಕಾಯುವ ಸರದಿ: ನವಿ ಮುಂಬೈನ ಟೈಫಾಯ್ಡ್ ಅಭಿಯಾನದಿಂದ ತಿಳಿದದ್ದೇನು?

ಮಳೆಗಾಲ ಶುರುವಾಯಿತೆಂದರೆ ವಾಶಿ, ತುರ್ಭೆ, ಕೋಪರ್‌ಖೈರಣೆ ಭಾಗದ ಕ್ಲಿನಿಕ್‌ಗಳ ಮುಂದೆ ಜ್ವರದ ಮಕ್ಕಳನ್ನು ಎತ್ತಿಕೊಂಡ ತಾಯಂದಿರ ಸಾಲು ಬೆಳೆಯುತ್ತದೆ. ಮೊದಲ ಎರಡು ದಿನ ಪ್ಯಾರಾಸಿಟಮಾಲ್. ಮೂರನೇ ದಿನವೂ ಜ್ವರ ಇಳಿಯದಿದ್ದರೆ ಮಲೇರಿಯಾನಾ, ಡೆಂಗ್ಯೂನಾ ಎಂಬ ಆತಂಕ. ನಾಲ್ಕನೇ ದಿನ ಯಾರೋ ಒಬ್ಬರು ಹೇಳಿಯೇ ಹೇಳುತ್ತಾರೆ, "ಟೈಫಾಯ್ಡ್ ಇರಬಹುದು ನೋಡಿ" ಎಂದು.

ಈ ಟೈಫಾಯ್ಡ್ ವಿಷಯದಲ್ಲಿ ವಾಶಿ ಇರುವ ನವಿ ಮುಂಬೈ ನಗರಕ್ಕೆ ಒಂದು ವಿಶೇಷ ಸ್ಥಾನವಿದೆ. ಟೈಫಾಯ್ಡ್ ತಡೆಯುವ ಹೊಸ ತಲೆಮಾರಿನ ಲಸಿಕೆಯಾದ ಟೈಫಾಯ್ಡ್ ಕಾಂಜುಗೇಟ್ ಲಸಿಕೆಯನ್ನು (ಟಿಸಿವಿ) ಸರ್ಕಾರಿ ವ್ಯವಸ್ಥೆಯ ಮೂಲಕ ಸಾರ್ವಜನಿಕ ಅಭಿಯಾನವಾಗಿ ಮಕ್ಕಳಿಗೆ ಹಾಕಿದ್ದು ಜಗತ್ತಿನಲ್ಲೇ ಮೊದಲು ಇಲ್ಲಿ. ಹಾಕಿಸಿದ್ದು ಕೇಂದ್ರ ಸರ್ಕಾರವಲ್ಲ, ರಾಜ್ಯ ಸರ್ಕಾರವೂ ಅಲ್ಲ. ಒಂದು ಮಹಾನಗರ ಪಾಲಿಕೆ. ಅದೂ ದೇಶದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ಈ ಲಸಿಕೆ ಇಲ್ಲದಿದ್ದ 2018ರಲ್ಲಿ.

ಆ ಅಭಿಯಾನ ಹೇಗೆ ನಡೆಯಿತು, ಅದರಿಂದ ಎಷ್ಟು ಮಕ್ಕಳಿಗೆ ಉಪಯೋಗವಾಯಿತು, ಎಲ್ಲಿ ಕೈತಪ್ಪಿತು ಎಂಬುದು ಮಕ್ಕಳಿರುವ ಎಲ್ಲರೂ ತಿಳಿಯಬೇಕಾದ ಸಂಗತಿ. ಉಡುಪಿ ಹೋಟೆಲುಗಳಿಂದ ಹಿಡಿದು ಕಟ್ಟಡ ಕೆಲಸದ ಸೈಟುಗಳವರೆಗೆ ನವಿ ಮುಂಬೈ ತುಂಬಾ ಹರಡಿರುವ ಕನ್ನಡ ಕುಟುಂಬಗಳಿಗಂತೂ ಇದು ಮನೆಯದೇ ವಿಷಯ.

'ಮುದತೀಚಾ ತಾಪ'

ಕನ್ನಡದ ಪಠ್ಯಪುಸ್ತಕಗಳಲ್ಲಿ ಟೈಫಾಯ್ಡ್‌ಗೆ ವಿಷಮಶೀತ ಜ್ವರ ಎಂಬ ಹೆಸರಿದೆ. ಮರಾಠಿಯ ಹಳೆಯ ತಲೆಮಾರಿನವರು ಇದನ್ನು 'ಮುದತೀಚಾ ತಾಪ' ಎನ್ನುತ್ತಾರೆ, ಅಂದರೆ ಮುದ್ದತು ಮುಗಿಯದೆ ಬಿಡದ ಜ್ವರ. ಪಠ್ಯಪುಸ್ತಕದ ಹೆಸರಿಗಿಂತ ಈ ಹೆಸರೇ ರೋಗಕ್ಕೆ ಹತ್ತಿರ. ಆ್ಯಂಟಿಬಯಾಟಿಕ್ ಇಲ್ಲದ ಕಾಲದಲ್ಲಿ ಈ ಜ್ವರ ಮೂರ್ನಾಲ್ಕು ವಾರ ಕಾಡುತ್ತಿತ್ತು. ಕರುಳಿನಲ್ಲಿ ತೂತು ಬಿದ್ದು ಅಥವಾ ರಕ್ತಸ್ರಾವವಾಗಿ ಸಾವು ಸಂಭವಿಸುವುದೂ ಇತ್ತು.

ಕಾರಣ ಸಾಲ್ಮೊನೆಲ್ಲಾ ಟೈಫಿ ಎಂಬ ಬ್ಯಾಕ್ಟೀರಿಯಾ. ಇದು ಮನುಷ್ಯರಲ್ಲಿ ಮಾತ್ರ ಬದುಕುತ್ತದೆ. ದನಕರು, ಕೋಳಿ, ಸೊಳ್ಳೆ ಯಾವುದಕ್ಕೂ ಇದರಲ್ಲಿ ಪಾತ್ರವಿಲ್ಲ. ಸೋಂಕಿತರ ಮಲದಲ್ಲಿ ಹೊರಬರುವ ರೋಗಾಣು ನೀರು ಅಥವಾ ಆಹಾರ ಸೇರಿ ಇನ್ನೊಬ್ಬರ ಬಾಯಿಗೆ ಹೋಗಬೇಕು, ಅಷ್ಟೇ ದಾರಿ.

ಹಾಗಾದರೆ ನೀರು ಶುದ್ಧ ಮಾಡಿದರೆ ಸಾಕಲ್ಲವೇ? ಈ ಪ್ರಶ್ನೆ ನವಿ ಮುಂಬೈ ಮಟ್ಟಿಗೆ ಇನ್ನೂ ಚುರುಕು. ಏಕೆಂದರೆ ಇದು ಸ್ವಂತ ಅಣೆಕಟ್ಟು ಇರುವ ಪಾಲಿಕೆ. ರಾಯಗಡ ಜಿಲ್ಲೆಯ ಖಾಲಾಪುರದ ಬಳಿಯ ಮೋರ್ಬೆ ಜಲಾಶಯ ಪಾಲಿಕೆಯದೇ. ಸಿಡ್ಕೊ ನಕ್ಷೆ ಹಾಕಿ, ಸೆಕ್ಟರ್ ಸೆಕ್ಟರ್ ಆಗಿ ಕಟ್ಟಿದ ಊರು ಇದು. ಆದರೂ ಟೈಫಾಯ್ಡ್ ಇತ್ತು. ನೀರು ಅಣೆಕಟ್ಟಿನಿಂದ ಹೊರಡುವಾಗ ಹೇಗಿರುತ್ತದೆ ಎಂಬುದು ಒಂದು ಮಾತು, ಕೊನೆಯ ಮನೆಯ ಡ್ರಮ್ಮಿನಲ್ಲಿ ಎರಡು ದಿನ ನಿಂತ ಮೇಲೆ ಹೇಗಿರುತ್ತದೆ ಎಂಬುದು ಇನ್ನೊಂದು ಮಾತು. ಮೋರಿ ಪಕ್ಕದಲ್ಲೇ ಹಾದುಹೋಗುವ ಪೈಪು, ಸೋಪು ಕಾಣದ ಕೈ, ರಸ್ತೆ ಬದಿಯ ಪಾನಿಪೂರಿಯ ಪಾನಿ, ಶರಬತ್ತಿನ ಐಸು, ಹೀಗೆ ನಡುವೆ ಬಾಗಿಲುಗಳು ಹಲವು.

ಮಕ್ಕಳೇ ಇದಕ್ಕೆ ಹೆಚ್ಚು ತುತ್ತಾಗುತ್ತಾರೆ. 2017ರಿಂದ 2020ರವರೆಗೆ ದೆಹಲಿ, ಕೋಲ್ಕತ್ತ, ವೆಲ್ಲೂರು ಮತ್ತು ಪುಣೆಯ ಗ್ರಾಮೀಣ ಭಾಗದಲ್ಲಿ 24 ಸಾವಿರಕ್ಕೂ ಹೆಚ್ಚು ಮಕ್ಕಳ ಮೇಲೆ ನಿಗಾ ಇಟ್ಟು ನಡೆಸಿದ ಅಧ್ಯಯನವೊಂದಿದೆ. ಒಂದು ಲಕ್ಷ ಮಕ್ಕಳನ್ನು ಒಂದು ವರ್ಷ ಗಮನಿಸಿದರೆ ನಗರ ಪ್ರದೇಶಗಳಲ್ಲಿ 576ರಿಂದ 1,173 ಮಕ್ಕಳಿಗೆ ಟೈಫಾಯ್ಡ್ ದೃಢಪಡುತ್ತದೆ ಎಂದು ಅದು ಲೆಕ್ಕ ಹಾಕಿತು. ಪುಣೆ ಗ್ರಾಮೀಣದಲ್ಲಿ ಈ ಸಂಖ್ಯೆ ಬರೀ 35. ಹಳ್ಳಿಗೂ ನಗರಕ್ಕೂ ಇರುವ ಈ ಅಂತರ ನೋಡಿದರೆ, ಕೆಲಸ ಹುಡುಕಿ ಮಕ್ಕಳ ಸಮೇತ ನಗರಕ್ಕೆ ಬರುವ ಕುಟುಂಬ ಯಾವ ಅಪಾಯದೊಳಗೆ ಕಾಲಿಡುತ್ತದೆ ಎಂಬುದು ತಿಳಿಯುತ್ತದೆ.

ಲಸಿಕೆ ಹೊಸದೇಕೆ?

ಟೈಫಾಯ್ಡ್ ಲಸಿಕೆ ಹೊಸ ವಿಷಯವೇನಲ್ಲ. ಬ್ಯಾಕ್ಟೀರಿಯಾದ ಹೊರಕವಚದಲ್ಲಿರುವ 'ವಿಐ' ಎಂಬ ಸಕ್ಕರೆಯಂಥ ವಸ್ತುವಿನಿಂದ ಮಾಡಿದ ಚುಚ್ಚುಮದ್ದು ಬಹಳ ಹಿಂದಿನಿಂದಲೂ ಇದೆ. ಅದರ ತೊಂದರೆ ಎಂದರೆ ಎರಡು ವರ್ಷದೊಳಗಿನ ಮಕ್ಕಳ ದೇಹ ಈ ಸಕ್ಕರೆಯನ್ನು ಶತ್ರು ಎಂದು ಸರಿಯಾಗಿ ಗುರುತಿಸುವುದಿಲ್ಲ. ದೊಡ್ಡವರಲ್ಲೂ ಅದರ ರಕ್ಷಣೆ ಎರಡು ಮೂರು ವರ್ಷಕ್ಕೆ ಸವೆಯುತ್ತದೆ.

ಕಾಂಜುಗೇಟ್ ಲಸಿಕೆಯಲ್ಲಿ ಆ ಸಕ್ಕರೆಯನ್ನು ಒಂದು ಪ್ರೋಟೀನ್‌ಗೆ ಕಟ್ಟಿರುತ್ತಾರೆ. ಹೈದರಾಬಾದ್‌ನ ಭಾರತ್ ಬಯೋಟೆಕ್ ತಯಾರಿಸಿದ ಟೈಪ್‌ಬಾರ್-ಟಿಸಿವಿಯಲ್ಲಿ ಆ ಪ್ರೋಟೀನ್ ಟೆಟನಸ್ ಟಾಕ್ಸಾಯ್ಡ್, ಅಂದರೆ ಧನುರ್ವಾಯು ಲಸಿಕೆಯಲ್ಲಿ ಇರುವಂಥದ್ದೇ. ಪ್ರೋಟೀನ್ ಜೊತೆಗಿದ್ದರೆ ಹಾಲುಗಲ್ಲದ ಮಗುವಿನ ರೋಗನಿರೋಧಕ ವ್ಯವಸ್ಥೆಯೂ ಎಚ್ಚೆತ್ತು ನೆನಪಿಟ್ಟುಕೊಳ್ಳುತ್ತದೆ. ಒಂದೇ ಡೋಸ್ ಸಾಕು. ನೇಪಾಳ, ಮಲಾವಿ, ಬಾಂಗ್ಲಾದೇಶಗಳಲ್ಲಿ ನಡೆದ ದೊಡ್ಡ ಪ್ರಯೋಗಗಳಲ್ಲಿ ಈ ಲಸಿಕೆ ಶೇ. 80ರಿಂದ 85ರಷ್ಟು ರಕ್ಷಣೆ ನೀಡಿದ್ದು ಕಂಡುಬಂತು. ಆದರೆ ಗಮನಿಸಿ, ಆ ಫಲಿತಾಂಶಗಳು ಪ್ರಕಟವಾಗಿದ್ದು 2019 ಮತ್ತು ಅದರ ನಂತರ. ನವಿ ಮುಂಬೈ ಪಾಲಿಕೆ ಮುಂದಡಿ ಇಟ್ಟಾಗ ಅವು ಇನ್ನೂ ಕೈಯಲ್ಲಿರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ (ಡಬ್ಲ್ಯುಎಚ್‌ಒ) ಟಿಸಿವಿ ಬಳಕೆಗೆ ಶಿಫಾರಸು ಪ್ರಕಟಿಸಿದ್ದು 2018ರ ಮಾರ್ಚ್‌ನಲ್ಲಿ. ಅದೇ ವರ್ಷದ ಜುಲೈನಲ್ಲಿ ಇಲ್ಲಿ ಅಭಿಯಾನ ಶುರುವಾಯಿತು.

22 ಕೇಂದ್ರಗಳು, ಅದರಲ್ಲಿ 11

ನವಿ ಮುಂಬೈ ಪಾಲಿಕೆ ವ್ಯಾಪ್ತಿಯಲ್ಲಿ ಆಗ 22 ನಗರ ಆರೋಗ್ಯ ಕೇಂದ್ರಗಳಿದ್ದವು. ಒಂಬತ್ತು ತಿಂಗಳಿಂದ 14 ವರ್ಷದವರೆಗಿನ ಎಲ್ಲಾ ಮಕ್ಕಳಿಗೆ, ಅಂದರೆ ಸುಮಾರು 3.2 ಲಕ್ಷ ಮಕ್ಕಳಿಗೆ ಎರಡು ಹಂತಗಳಲ್ಲಿ ಲಸಿಕೆ ಹಾಕುವುದು ಯೋಜನೆ. ಡಬ್ಲ್ಯುಎಚ್‌ಒದ ಭಾರತ ಕಚೇರಿ, ಅಮೆರಿಕದ ಸಿಡಿಸಿ, ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ, ಕೋಲ್ಕತ್ತದ ನೈಸೆಡ್ ಸಂಸ್ಥೆಯ ತಜ್ಞರು ಇದರ ಜೊತೆಗಿದ್ದರು.

ಮೊದಲ ಹಂತಕ್ಕೆ 22ರಲ್ಲಿ 11 ಕೇಂದ್ರಗಳನ್ನು ಆರಿಸಿದ್ದು ಚೀಟಿ ಎತ್ತಿದ ಹಾಗೆ, ಯಾದೃಚ್ಛಿಕವಾಗಿ. ಯಾವ ವಾರ್ಡಿಗೆ ಮೊದಲು ಎಂಬುದನ್ನು ಇಂಥವರೇ ಎಂದು ಯಾರೂ ನಿರ್ಧರಿಸಲಿಲ್ಲ.

ಕೇಳಿದೊಡನೆ ಇದು ಸರಿಯಲ್ಲ ಅನಿಸಬಹುದು. ಈ ಬೀದಿಯ ಮಗುವಿಗೆ ಲಸಿಕೆ, ಪಕ್ಕದ ಸೆಕ್ಟರಿನ ಮಗುವಿಗೆ ಇಲ್ಲ ಎಂದರೆ? ಆದರೆ ಇಡೀ ಊರಿಗೆ ಒಮ್ಮೆಲೇ ಲಸಿಕೆ ಹಾಕದೆ ಎರಡು ಹಂತ ಮಾಡುವುದೇ ಆದರೆ, ಯಾರಿಗೆ ಮೊದಲು ಎಂಬುದನ್ನು ಚೀಟಿಗೆ ಬಿಡುವುದಕ್ಕಿಂತ ನ್ಯಾಯವಾದ ದಾರಿ ಸಿಗುವುದು ಕಷ್ಟ. ಪ್ರಭಾವ ಇದ್ದವರ ವಾರ್ಡಿಗೆ ಮೊದಲು ಹೋಗುವುದಂತೂ ತಪ್ಪುತ್ತದೆ. ಇನ್ನೊಂದು ಲಾಭವೂ ಇದೆ. ಲಸಿಕೆ ಸಿಕ್ಕ ಅರ್ಧ ಊರನ್ನೂ ಕಾಯುತ್ತಿರುವ ಅರ್ಧ ಊರನ್ನೂ ಹೋಲಿಸಿ ನೋಡಿದರೆ, ಅಭಿಯಾನ ನಿಜಕ್ಕೂ ಕೆಲಸ ಮಾಡಿತೇ ಎಂಬುದು ಗೊತ್ತಾಗುತ್ತದೆ. ನಮ್ಮಲ್ಲಿ ಆರೋಗ್ಯ ಅಭಿಯಾನಗಳು ಉದ್ಘಾಟನೆಯ ಫೋಟೊದೊಂದಿಗೆ ಶುರುವಾಗಿ, 'ಇಷ್ಟು ಲಕ್ಷ ಡೋಸ್' ಎಂಬ ಅಂಕಿಯೊಂದಿಗೆ ಮುಗಿಯುವುದೇ ಹೆಚ್ಚು. ರೋಗ ಕಡಿಮೆಯಾಯಿತೇ ಎಂದು ಹಿಂತಿರುಗಿ ನೋಡುವವರು ಅಪರೂಪ.

2018ರ ಜುಲೈ 14ರಿಂದ ಆಗಸ್ಟ್ 25ರವರೆಗೆ, ಸುರಿಯುವ ಮಳೆಯ ಆರು ವಾರಗಳಲ್ಲಿ 1,13,420 ಮಕ್ಕಳಿಗೆ ಲಸಿಕೆ ಬಿತ್ತು. ಗುರಿಯಲ್ಲಿ ಇದು ಶೇ. 71. ಲಸಿಕೆ ಪಡೆದ ಮಕ್ಕಳ ಆರೋಗ್ಯದ ಮೇಲೆ ನಿಗಾ ಇಟ್ಟಾಗ ಸುರಕ್ಷತೆಯ ಬಗ್ಗೆ ಗಾಬರಿಪಡುವಂಥದ್ದೇನೂ ಕಾಣಲಿಲ್ಲ.

81 ಮಕ್ಕಳು ಹೇಳಿದ ಉತ್ತರ

ನಂತರ ನಗರದ ಆರು ಆಸ್ಪತ್ರೆಗಳಲ್ಲಿ ನಿಗಾ ಶುರುವಾಯಿತು. ಜ್ವರ ಎಂದು ಬಂದ ಮಕ್ಕಳ ರಕ್ತವನ್ನು ಕಲ್ಚರ್ ಪರೀಕ್ಷೆಗೆ ಕಳಿಸಲಾಯಿತು. 2018ರ ಸೆಪ್ಟೆಂಬರ್ 1ರಿಂದ 2021ರ ಮಾರ್ಚ್ 31ರವರೆಗಿನ ಲೆಕ್ಕದಲ್ಲಿ 81 ಟೈಫಾಯ್ಡ್ ಪ್ರಕರಣಗಳು ಸಿಕ್ಕವು. ಇವುಗಳ ಜೊತೆ ಅದೇ ವಯಸ್ಸಿನ, ಅದೇ ದಿನಗಳಲ್ಲಿ ಜ್ವರ ಎಂದು ಬಂದು ಟೈಫಾಯ್ಡ್ ಅಲ್ಲ ಎಂದು ತಿಳಿದ 238 ಮಕ್ಕಳನ್ನು ಹೋಲಿಸಲಾಯಿತು.

ಹೋಲಿಕೆಯ ತರ್ಕ ಸರಳ. ಲಸಿಕೆಯಿಂದ ಏನೂ ಉಪಯೋಗವಿಲ್ಲ ಎಂದಿಟ್ಟುಕೊಳ್ಳಿ. ಆಗ ಟೈಫಾಯ್ಡ್ ಬಂದ ಮಕ್ಕಳಲ್ಲೂ ಬೇರೆ ಜ್ವರದ ಮಕ್ಕಳಲ್ಲೂ, ಲಸಿಕೆ ಹಾಕಿದ ಪ್ರದೇಶದವರ ಪಾಲು ಒಂದೇ ರೀತಿ ಇರಬೇಕು. ಹಾಗೆ ಇರಲಿಲ್ಲ. ಟೈಫಾಯ್ಡ್ ಮಕ್ಕಳಲ್ಲಿ ಲಸಿಕೆ ಪ್ರದೇಶದವರು ಸ್ಪಷ್ಟವಾಗಿ ಕಡಿಮೆ ಇದ್ದರು. ಲೆಕ್ಕ ಹಾಕಿದಾಗ ಅಭಿಯಾನದ ಪರಿಣಾಮ ಶೇ. 56 ಎಂದು ಬಂತು. ಪ್ರಕರಣಗಳು ಕಡಿಮೆ ಇದ್ದುದರಿಂದ ನಿಜವಾದ ಸಂಖ್ಯೆ ಶೇ. 25ರಿಂದ 74ರ ನಡುವೆ ಎಲ್ಲಾದರೂ ಇರಬಹುದು ಎನ್ನುತ್ತಾರೆ ಸಂಶೋಧಕರು. ಐದು ವರ್ಷ ಮೇಲ್ಪಟ್ಟ ಮಕ್ಕಳಲ್ಲಿ ಶೇ. 63, ನಿಗಾದ ಮೊದಲ ವರ್ಷದಲ್ಲಿ ಶೇ. 70.

ಶೇ. 80 ಎಲ್ಲಿ, 56 ಎಲ್ಲಿ?

ಪ್ರಯೋಗಗಳಲ್ಲಿ ಶೇ. 80 ದಾಟಿದ ಲಸಿಕೆ ನವಿ ಮುಂಬೈಗೆ ಬಂದಾಗ 56ಕ್ಕೆ ಇಳಿದದ್ದೇಕೆ? ಲಸಿಕೆ ಕೆಟ್ಟಿತೇ? ಇಲ್ಲ. ಎರಡೂ ಅಳೆಯುತ್ತಿರುವುದು ಬೇರೆ ಬೇರೆ ವಸ್ತುವನ್ನು.

ಪ್ರಯೋಗದಲ್ಲಿ ಅಳೆಯುವುದು ಲಸಿಕೆ ಪಡೆದ ಮಗುವಿಗೆ ಸಿಗುವ ರಕ್ಷಣೆ. ನವಿ ಮುಂಬೈಯಲ್ಲಿ ಅಳೆದದ್ದು ಲಸಿಕೆ ಅಭಿಯಾನ ನಡೆದ ಪ್ರದೇಶದ ಒಟ್ಟು ಮಕ್ಕಳಿಗೆ ಸಿಕ್ಕ ರಕ್ಷಣೆ. ಅದರಲ್ಲಿ ಲಸಿಕೆ ಪಡೆದವರೂ ಇದ್ದಾರೆ, ತಪ್ಪಿಸಿಕೊಂಡವರೂ ಇದ್ದಾರೆ. ಒಂದು ಒರಟು ಲೆಕ್ಕ ಹಾಕೋಣ. ನೂರು ಮಕ್ಕಳಲ್ಲಿ 71 ಮಂದಿಗೆ ಲಸಿಕೆ ಬಿದ್ದಿದೆ. ಆ 71ರಲ್ಲಿ ಶೇ. 80ರಷ್ಟು ರಕ್ಷಣೆ ಎಂದರೆ ಸುಮಾರು 57. ಅಧ್ಯಯನದ 56ಕ್ಕೆ ಇದು ಎಷ್ಟು ಹತ್ತಿರ ನೋಡಿ. ಮಕ್ಕಳು ಒಂದು ಪ್ರದೇಶದಿಂದ ಇನ್ನೊಂದಕ್ಕೆ ಹೋಗಿಬರುವುದು, ರಕ್ಷಣೆ ಕಾಲಕ್ರಮೇಣ ಸವೆಯುವುದು ಇತ್ಯಾದಿ ಇದರಲ್ಲಿ ಸೇರಿಲ್ಲ, ನಿಜ. ಆದರೂ ನಷ್ಟದ ದೊಡ್ಡ ಪಾಲು ಎಲ್ಲಿ ಆಯಿತೆಂಬುದಕ್ಕೆ ಈ ಲೆಕ್ಕ ಬೆರಳು ತೋರಿಸುತ್ತದೆ. ಸೀಸೆಯೊಳಗಿನ ಔಷಧದಲ್ಲಿ ಅಲ್ಲ, ಸೀಸೆ ತಲುಪದ ಮಗುವಿನಲ್ಲಿ. ಇದೇ ಲೆಕ್ಕದಂತೆ ನೂರಕ್ಕೆ 90 ಮಕ್ಕಳನ್ನು ತಲುಪಿದ್ದರೆ ಫಲ 72ಕ್ಕೆ ಏರುತ್ತಿತ್ತು.

ತಲುಪದ ಶೇ. 29 ಎಂದರೆ ಸುಮಾರು 46 ಸಾವಿರ ಮಕ್ಕಳು.

ಯಾರು ತಪ್ಪಿಸಿಕೊಳ್ಳುತ್ತಾರೆ? ಲಸಿಕಾ ಕಾರ್ಯಕ್ರಮಗಳನ್ನು ಬಲ್ಲವರಿಗೆ ಈ ಪಟ್ಟಿ ಹೊಸದಲ್ಲ. ಒಂದು ಕಡೆ, ಖಾಸಗಿ ವೈದ್ಯರೇ ನೋಡಿಕೊಳ್ಳುತ್ತಾರೆ ಎಂದು ಸರ್ಕಾರಿ ಕೇಂದ್ರದತ್ತ ತಲೆಹಾಕದ ಅಪಾರ್ಟ್‌ಮೆಂಟ್ ಕುಟುಂಬಗಳು. ಇನ್ನೊಂದು ಕಡೆ, ಯಾರ ಪಟ್ಟಿಯಲ್ಲೂ ಹೆಸರಿಲ್ಲದ ವಲಸೆ ಕುಟುಂಬಗಳು. ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯಿಂದ ಬಂದು ಕಟ್ಟಡ ಕೆಲಸಕ್ಕೆ ನಿಲ್ಲುವವರು ಸೈಟು ಮುಗಿದರೆ ಜಾಗ ಬದಲಿಸುತ್ತಾರೆ, ಬಿತ್ತನೆಗೋ ಜಾತ್ರೆಗೋ ಊರಿಗೆ ಹೋಗುತ್ತಾರೆ. ಜುಲೈ-ಆಗಸ್ಟ್ ಬಿತ್ತನೆ ಮುಗಿದು ಕಳೆ ತೆಗೆಯುವ ಕಾಲ. ಮರಾಠಿ, ಹಿಂದಿ ಎರಡೂ ಸರಿಯಾಗಿ ಬಾರದ ತಾಯಿಗೆ ಆಶಾ ಕಾರ್ಯಕರ್ತೆ ಬಾಗಿಲಲ್ಲಿ ನಿಂತು ಹೇಳಿದ್ದು ಪೋಲಿಯೊ ಹನಿಯೋ ಬೇರೆ ಸೂಜಿಯೋ ಎಂದು ತಿಳಿಯದೇ ಹೋಗುವುದೂ ಉಂಟು. ನಗರದ ಕನ್ನಡ ಸಂಘಗಳು ನಾಟಕ, ಯಕ್ಷಗಾನದ ಜೊತೆಗೆ ಇಂಥ ಆರು ವಾರಗಳಲ್ಲಿ ಸೈಟುಗಳಿಗೆ ಒಬ್ಬಿಬ್ಬರು ಕನ್ನಡ ಬಲ್ಲವರನ್ನು ಕಳಿಸಿಕೊಟ್ಟರೆ ಆರೋಗ್ಯ ಕೇಂದ್ರಕ್ಕೆ ಅದು ಸಣ್ಣ ಸಹಾಯವಾಗದು.

ಸುತ್ತಲಿನವರೆಲ್ಲ ಹಾಕಿಸಿಕೊಂಡರೆ ನಮ್ಮ ಮಗುವಿಗೂ ರಕ್ಷಣೆ ಸಿಗುತ್ತದಲ್ಲ ಎಂದು ಕೇಳುವವರಿದ್ದಾರೆ. ಕೋಲ್ಕತ್ತದ ಕೊಳೆಗೇರಿಗಳಲ್ಲಿ ಹಳೆಯ ವಿಐ ಲಸಿಕೆಯ ಪ್ರಯೋಗ ನಡೆದಾಗ ಹಾಗೆ ಆಗಿದ್ದೂ ಇದೆ. ಲಸಿಕೆ ಪಡೆಯದ ನೆರೆಹೊರೆಯವರಲ್ಲೂ ರೋಗ ಶೇ. 44ರಷ್ಟು ತಗ್ಗಿತ್ತು. ಆದರೆ ಬಾಂಗ್ಲಾದ ಢಾಕಾದಲ್ಲಿ ಟಿಸಿವಿ ಪ್ರಯೋಗ ನಡೆದಾಗ ಅಂಥ ಪರೋಕ್ಷ ರಕ್ಷಣೆ ಸ್ಪಷ್ಟವಾಗಿ ಕಾಣಲಿಲ್ಲ. ಹಾಗಾಗಿ ಪಕ್ಕದ ಮನೆಯವರ ಲಸಿಕೆಯನ್ನು ನಂಬಿ ಕೂರುವಂತಿಲ್ಲ.

ಔಷಧ ಇದೆಯಲ್ಲ ಎನ್ನುವವರಿಗೆ

ಟೈಫಾಯ್ಡ್ ಬಂದರೆ ಮಾತ್ರೆ ಇದೆ, ಅದಕ್ಕೆ ಇಷ್ಟೆಲ್ಲ ಏಕೆ ಎಂಬ ಮಾತು ಹತ್ತು ಹದಿನೈದು ವರ್ಷಗಳ ಹಿಂದೆ ಒಪ್ಪುವಂತಿತ್ತೇನೋ. ಈಗ ಮಾತ್ರೆಗಳ ಸಾಲು ಕಿರಿದಾಗಿದೆ. 1948ರಲ್ಲಿ ಕ್ಲೋರಂಫೆನಿಕಾಲ್ ಬಂದಾಗ ಟೈಫಾಯ್ಡ್ ಸೋತಿತು ಎಂದೇ ಎಲ್ಲರೂ ತಿಳಿದರು. 1972ರಲ್ಲಿ ಕೇರಳದ ಕೋಯಿಕ್ಕೋಡ್‌ನಲ್ಲಿ ಅದಕ್ಕೆ ಬಗ್ಗದ ಟೈಫಾಯ್ಡ್ ಹರಡಿತು. ಬಳಿಕ ನೆಚ್ಚಿಕೊಂಡ ಸಿಪ್ರೊಫ್ಲಾಕ್ಸಾಸಿನ್ ಈಗ ಭಾರತದ ಹೆಚ್ಚಿನ ಪ್ರಕರಣಗಳಲ್ಲಿ ನಂಬುವಂತಿಲ್ಲ. ಉಳಿದಿರುವ ಮುಖ್ಯ ಆಸರೆ ಅಜಿಥ್ರೋಮೈಸಿನ್ ಮಾತ್ರೆ ಮತ್ತು ಸೆಫ್ಟ್ರಿಯಾಕ್ಸೋನ್ ಗುಂಪಿನ ಔಷಧಗಳು.

ಗಡಿಯಾಚೆ ಏನಾಯಿತು ನೋಡಿ. 2016ರ ಕೊನೆಯಲ್ಲಿ ಪಾಕಿಸ್ತಾನದ ಸಿಂಧ್ ಪ್ರಾಂತ್ಯದ ಹೈದರಾಬಾದ್‌ನಲ್ಲಿ ಸೆಫ್ಟ್ರಿಯಾಕ್ಸೋನ್‌ಗೂ ಬಗ್ಗದ ಟೈಫಾಯ್ಡ್ ಕಾಣಿಸಿತು. ಬಾಯಿಯಿಂದ ಕೊಡಬಹುದಾದ ಔಷಧ ಎಂದರೆ ಅಜಿಥ್ರೋಮೈಸಿನ್ ಒಂದೇ. ಅದೂ ಆಗದಿದ್ದರೆ ಆಸ್ಪತ್ರೆಯಲ್ಲಿ ನರಕ್ಕೆ ಏರಿಸುವ ದುಬಾರಿ ಚುಚ್ಚುಮದ್ದು. ಅಲ್ಲಿ 2018ರಲ್ಲಿ ಸುಮಾರು ಎರಡು ಲಕ್ಷ ಮಕ್ಕಳಿಗೆ ತುರ್ತಾಗಿ ಲಸಿಕೆ ಹಾಕಲಾಯಿತು. 2019ರ ನವೆಂಬರ್‌ನಲ್ಲಿ ಟಿಸಿವಿಯನ್ನು ಸಾಮಾನ್ಯ ಲಸಿಕಾ ಪಟ್ಟಿಗೆ ಸೇರಿಸಿದ ಮೊದಲ ದೇಶ ಪಾಕಿಸ್ತಾನವಾಯಿತು. ಸಿಂಧ್‌ನ ಹೈದರಾಬಾದಿಗೆ ಹೋದ ಆ ಲಸಿಕೆ ನಮ್ಮ ತೆಲಂಗಾಣದ ಹೈದರಾಬಾದಿನಲ್ಲಿ ತಯಾರಾದದ್ದು! ಆಮೇಲೆ ಲೈಬೀರಿಯಾ, ಜಿಂಬಾಬ್ವೆ, ನೇಪಾಳ ಕೂಡ ಅದೇ ಹಾದಿ ಹಿಡಿದವು.

ಒಮ್ಮೆ ಮಾತ್ರ ನಡೆಯುವ ಅಭಿಯಾನಕ್ಕೂ ಸಾಮಾನ್ಯ ಪಟ್ಟಿಗೂ ಇರುವ ವ್ಯತ್ಯಾಸ ಸಣ್ಣದಲ್ಲ. 2018ರ ಆಗಸ್ಟ್ 25ರಂದು ಎಂಟು ತಿಂಗಳಾಗಿದ್ದ ಮಗು ನವಿ ಮುಂಬೈ ಅಭಿಯಾನದ ಮೊದಲ ಹಂತಕ್ಕೆ ಸಿಗಲಿಲ್ಲ. ಅದರ ನಂತರ ಹುಟ್ಟಿದ ಯಾವ ಮಗುವೂ ಸಿಗಲಿಲ್ಲ. ದಡಾರದ ಮೊದಲ ಡೋಸ್ ಒಂಬತ್ತು ತಿಂಗಳಿಗೆ ಬೀಳುವ ಹಾಗೆ ಇದೂ ಬಿದ್ದರೆ ಮಾತ್ರ ಪ್ರತಿ ವರ್ಷದ ಮಕ್ಕಳೂ ಒಳಗೆ ಬರುತ್ತಾರೆ. ಅಭಿಯಾನದ ಪರಿಣಾಮ ಮೊದಲ ವರ್ಷದಲ್ಲಿ ಶೇ. 70 ಇದ್ದು, ಇಡೀ ಅವಧಿಗೆ 56ಕ್ಕೆ ಇಳಿದಿರುವುದಕ್ಕೆ ಹೀಗೆ ಹೊಸದಾಗಿ ಸೇರಿಕೊಳ್ಳುವ ಮಕ್ಕಳೂ ಒಂದು ಕಾರಣವಾಗಿರಬಹುದು.

ಹೋಟೆಲ್ ಅಡುಗೆಮನೆ

ಟೈಫಾಯ್ಡ್ ವಾಸಿಯಾದ ಕೆಲವರ ಪಿತ್ತಕೋಶದಲ್ಲಿ ರೋಗಾಣು ವರ್ಷಗಟ್ಟಲೆ ಉಳಿಯುತ್ತದೆ. ಅವರಿಗೆ ಜ್ವರವಿಲ್ಲ, ಸುಸ್ತಿಲ್ಲ, ಆದರೆ ಹರಡುವುದು ನಿಲ್ಲುವುದಿಲ್ಲ. ಅಂಥವರು ಅಡುಗೆಮನೆಯಲ್ಲಿದ್ದರೆ ಅಪಾಯ ತಟ್ಟೆ ತಟ್ಟೆಗೂ ಹೋಗುತ್ತದೆ. ಅದಕ್ಕೇ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನಿಯಮದಂತೆ ಆಹಾರ ತಯಾರಿಸುವ ಸಿಬ್ಬಂದಿಗೆ ವರ್ಷಕ್ಕೊಮ್ಮೆ ವೈದ್ಯಕೀಯ ತಪಾಸಣೆ ಆಗಬೇಕು, ಟೈಫಾಯ್ಡ್ ಗುಂಪಿನ ರೋಗಗಳ ವಿರುದ್ಧ ಲಸಿಕೆಯನ್ನೂ ಹಾಕಿಸಬೇಕು. ಕರಾವಳಿಯಿಂದ ಬಂದು ಮುಂಬೈ, ಠಾಣೆ, ನವಿ ಮುಂಬೈಗಳಲ್ಲಿ ಹೋಟೆಲ್ ನಡೆಸುವ ಮಾಲೀಕರಿಗೆ ಇದು ಲೈಸೆನ್ಸ್ ನವೀಕರಣದ ಕಾಗದವಾಗಿ ಗೊತ್ತಿರುತ್ತದೆ. ಲೋಟ ತೊಳೆಯುವ, ಚಟ್ನಿ ರುಬ್ಬುವ ಹುಡುಗನಿಗೆ ಆ ಸೂಜಿ ನಿಜಕ್ಕೂ ಬಿದ್ದಿದೆಯೇ ಎಂಬುದು ಕಾಗದ ನೋಡಿ ತಿಳಿಯುವ ವಿಷಯವಲ್ಲ.

ಜ್ವರ ಬಂದಾಗ ಏನು ಕೇಳಬೇಕು?

ಟೈಫಾಯ್ಡ್ ಎಂದ ಕೂಡಲೇ ಬಹುತೇಕ ಕಡೆ ಮಾಡಿಸುವುದು ವಿಡಾಲ್ ಪರೀಕ್ಷೆ. 1896ರಷ್ಟು ಹಳೆಯ ಪರೀಕ್ಷೆ ಇದು. ಹಿಂದೆಂದೋ ಆದ ಸೋಂಕಿಗೂ, ಬೇರೆ ಕೆಲವು ಜ್ವರಗಳಿಗೂ ಇದು 'ಪಾಸಿಟಿವ್' ಎನ್ನಬಹುದು. ನಿಜವಾದ ಟೈಫಾಯ್ಡ್‌ನಲ್ಲಿ ಮೊದಲ ವಾರ 'ನೆಗೆಟಿವ್' ಎನ್ನಲೂಬಹುದು. ಒಂದೇ ಒಂದು ವಿಡಾಲ್ ವರದಿ ಹಿಡಿದು ಆ್ಯಂಟಿಬಯಾಟಿಕ್ ಶುರು ಮಾಡುವುದರಿಂದಲೇ ಔಷಧಗಳು ಇಷ್ಟು ಬೇಗ ಮೊಂಡಾಗಿವೆ ಎಂಬುದು ತಜ್ಞರ ಹಳೆಯ ದೂರು.

ಭರವಸೆ ಇಡಬಹುದಾದದ್ದು ರಕ್ತದ ಕಲ್ಚರ್ ಪರೀಕ್ಷೆ. ಇದಕ್ಕೆ ಎರಡು ಮೂರು ದಿನ ಬೇಕು. ನೂರು ಟೈಫಾಯ್ಡ್ ರೋಗಿಗಳಲ್ಲಿ ಸುಮಾರು 60 ಮಂದಿಯನ್ನಷ್ಟೇ ಇದು ಹಿಡಿಯುತ್ತದೆ. ಆದರೆ ಹಿಡಿದರೆ ಸುಳ್ಳಾಗುವುದಿಲ್ಲ, ಯಾವ ಔಷಧ ಕೆಲಸ ಮಾಡುತ್ತದೆ ಎಂಬುದನ್ನೂ ಹೇಳುತ್ತದೆ. ಮೊದಲ ಆ್ಯಂಟಿಬಯಾಟಿಕ್ ಡೋಸ್ ಹೊಟ್ಟೆಗೆ ಹೋಗುವ ಮೊದಲೇ ರಕ್ತ ತೆಗೆಯಬೇಕು. ಮೆಡಿಕಲ್ ಅಂಗಡಿಯಲ್ಲಿ ಕೇಳಿ ತಂದ ಎರಡು ಮಾತ್ರೆ ಮಗುವಿಗೆ ಕೊಟ್ಟಾಗಿದ್ದರೆ ಕಲ್ಚರ್‌ನಲ್ಲಿ ರೋಗಾಣು ಸಿಗದೇ ಹೋಗಬಹುದು. ಕೊಟ್ಟಿದ್ದರೆ ವೈದ್ಯರಿಂದ ಮುಚ್ಚಿಡಬೇಡಿ.

2018ರ ಅಭಿಯಾನದಲ್ಲಿ ಲಸಿಕೆ ಪಡೆದ ಮಕ್ಕಳು ಈಗ ದೊಡ್ಡವರಾಗಿದ್ದಾರೆ. ಆಗ 14 ವರ್ಷವಾಗಿದ್ದವರಿಗೆ ಇಪ್ಪತ್ತು ದಾಟಿದೆ. ಲಸಿಕೆ ಹಾಕಿದ ದಿನಾಂಕ ಬರೆದ ಕಾರ್ಡ್ ಮನೆಯಲ್ಲಿದ್ದರೆ ಒಮ್ಮೆ ಹುಡುಕಿ ನೋಡಿ. ಕಾರ್ಡ್ ಇಲ್ಲದಿದ್ದರೂ, ಆ ಮಳೆಗಾಲದಲ್ಲಿ ಯಾವ ಸೆಕ್ಟರಿನಲ್ಲಿದ್ದಿರಿ, ಮಗುವಿಗೆ ಆಗ ಎಷ್ಟು ತಿಂಗಳು ಎಂಬುದನ್ನು ನೆನಪು ಮಾಡಿಕೊಂಡು ಮಕ್ಕಳ ವೈದ್ಯರಿಗೆ ಹೇಳಿ. ಲಸಿಕೆ ಬಿದ್ದಿದೆಯೋ ಇಲ್ಲವೋ, ಈಗ ಹಾಕಿಸಬೇಕೋ ಎಂದು ನಿರ್ಧರಿಸಲು ಅವರಿಗೆ ಅದರಿಂದ ಅನುಕೂಲವಾಗುತ್ತದೆ.